ನೂರಾರು ಪ್ರಿಂಟರ್ ಕ್ಯೂಗಳನ್ನು ಹೊಸ ಯುನಿಕ್ಸ್ ಸರ್ವರ್‌ಗೆ ಸಾಗಿಸುವುದು: ನಕಲು ಮಾಡಬೇಕೆ, ಸ್ಕ್ರಿಪ್ಟ್ ಬರೆಯಬೇಕೆ, ಹೊಸದಾಗಿ ಕಟ್ಟಬೇಕೆ?

ಹತ್ತು ಪ್ರಿಂಟರ್ ಇದ್ದರೆ ಇಷ್ಟೆಲ್ಲ ಯೋಚನೆ ಬೇಕಿಲ್ಲ. ಬ್ರೌಸರ್‌ನಲ್ಲಿ ಯುನಿಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್‌ನ 631ನೇ ಪೋರ್ಟ್ ತೆರೆದು ಒಂದೊಂದಾಗಿ ಸೇರಿಸಿದರೆ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಸಂಖ್ಯೆ ಐವತ್ತು ದಾಟಿದಾಗ ಲೆಕ್ಕ ಬೇರೆ. ಗೋದಾಮಿನ ಲೇಬಲ್ ಪ್ರಿಂಟರ್, ಬಿಲ್ಲಿಂಗ್ ಕೌಂಟರಿನ ಡಾಟ್ ಮ್ಯಾಟ್ರಿಕ್ಸ್, ಮಹಡಿಗೊಂದು ಲೇಸರ್, ಪ್ರತಿಯೊಂದಕ್ಕೂ ಯಾರೋ ಯಾವಾಗಲೋ ಹಾಕಿಟ್ಟ ಟ್ರೇ, ಡ್ಯುಪ್ಲೆಕ್ಸ್, ಬ್ಯಾನರ್ ಸೆಟ್ಟಿಂಗ್. ಇವನ್ನು ಹೊಸ ಸರ್ವರ್‌ಗೆ ಸಾಗಿಸಲು ಮುಖ್ಯವಾಗಿ ಮೂರು ದಾರಿಗಳಿವೆ. ಯಾವ ದಾರಿ ಹಿಡಿದರೂ ಒಂದನ್ನು ಮಾತ್ರ ಬದಲಿಸಬಾರದು: ಕ್ಯೂ (ಸರ್ವರ್‌ನಲ್ಲಿ ಒಂದು ಪ್ರಿಂಟರಿಗೆ ಬರುವ ಕೆಲಸಗಳ ಸಾಲು) ಹೆಸರು. ಅಪ್ಲಿಕೇಶನ್‌ಗಳು, ನಿಗದಿತ ಸಮಯಕ್ಕೆ ತಾನೇ ಓಡುವ ಕ್ರಾನ್ ಕೆಲಸಗಳು, ಬಳಕೆದಾರರ ಪಿಸಿಗಳು, ಎಲ್ಲವೂ ಪ್ರಿಂಟರನ್ನು ಗುರುತಿಸುವುದು ಆ ಹೆಸರಿನಿಂದಲೇ. ಹೆಸರು ಚೊಕ್ಕ ಮಾಡುವ ಆಸೆ ಎಷ್ಟೇ ಇದ್ದರೂ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದೆ. ಆಯ್ಕೆಯ ಅಕ್ಷರ ದೊಡ್ಡದಿರಬೇಕಾದ ಕಡೆ ಅದನ್ನು ಹೇಳಿದೆ, ಉಳಿದವು ಸಣ್ಣಕ್ಷರ.

ಆಯ್ಕೆಗೆ ಮೊದಲು ನೋಡಬೇಕಾದದ್ದು

ಹಳೆಯ ಮತ್ತು ಹೊಸ ಸರ್ವರ್‌ಗಳ ಕಪ್ಸ್ ಆವೃತ್ತಿಗಳ ನಡುವೆ ಎಷ್ಟು ಅಂತರವಿದೆ ಎನ್ನುವುದೇ ಮೊದಲ ಪ್ರಶ್ನೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಲ್ಲಿ ಇರುವುದು ಕಪ್ಸ್ 1.6.3, ಅದರ 8ರಲ್ಲಿ 2.2.6, 9ರಲ್ಲಿ 2.3.3, ಡೆಬಿಯನ್ 12ರಲ್ಲಿ 2.4.2. ಕಪ್ಸ್ 1.6 ಒಂದು ದೊಡ್ಡ ಗಡಿ. ಆ ಹಂತದಲ್ಲಿ ಬಹಳಷ್ಟು ಫಿಲ್ಟರ್‌ಗಳು ಕಪ್ಸ್‌ನಿಂದ ಹೊರಬಿದ್ದು ಕಪ್ಸ್-ಫಿಲ್ಟರ್ಸ್ ಎಂಬ ಬೇರೆ ಪ್ಯಾಕೇಜಿಗೆ ಹೋದವು. ಕಪ್ಸ್‌ಡಿ.ಕಾನ್ಫ್ ಫೈಲಿನಲ್ಲಿದ್ದ ಬಳಕೆದಾರ, ಗುಂಪು, ಸಿಸ್ಟಮ್‌ಗ್ರೂಪ್ ಮೊದಲಾದ ಸಾಲುಗಳು ಕಪ್ಸ್-ಫೈಲ್ಸ್.ಕಾನ್ಫ್‌ಗೆ ಸರಿದವು. ನಿಮ್ಮ ಹಳೆಯ ಸರ್ವರ್‌ನ ಕಪ್ಸ್ 1.6ಕ್ಕಿಂತ ಹಳೆಯದಾದರೆ ಫೈಲುಗಳನ್ನು ಹಾಗೇ ನಕಲು ಮಾಡುವ ಮಾತು ಬಿಡಿ.

ಎರಡನೆಯ ಪ್ರಶ್ನೆ ಫಿಲ್ಟರ್‌ಗಳದ್ದು. /ಇಟಿಸಿ/ಕಪ್ಸ್/ಪಿಪಿಡಿ ಫೋಲ್ಡರಿನಲ್ಲಿ ಕ್ಯೂಗೊಂದು ಪಿಪಿಡಿ ಫೈಲ್, ಅಂದರೆ ಪ್ರಿಂಟರಿನ ಸೌಲಭ್ಯ ಮತ್ತು ಆಯ್ಕೆಗಳ ವಿವರ, ಇರುತ್ತದೆ. ಅದರೊಳಗೆ ಕಪ್ಸ್‌ಫಿಲ್ಟರ್ ಎಂದು ಶುರುವಾಗುವ ಸಾಲು, ಮುದ್ರಣದ ಡೇಟಾವನ್ನು ಯಾವ ಪ್ರೋಗ್ರಾಂ ಪ್ರಿಂಟರಿನ ಭಾಷೆಗೆ ಬದಲಿಸಬೇಕು ಎಂದು ಹೇಳುತ್ತದೆ. ಎಲ್ಲ ಪಿಪಿಡಿಗಳಿಂದ ಗ್ರೆಪ್ ಮೂಲಕ ಆ ಸಾಲುಗಳನ್ನು ತೆಗೆದು, ಸಾರ್ಟ್ ಮಾಡಿ, ಪುನರಾವರ್ತನೆ ಕಳೆಯಿರಿ. ಮುನ್ನೂರು ಕ್ಯೂ ಇದ್ದರೂ ಬೇರೆ ಬೇರೆ ಫಿಲ್ಟರ್ ಹೆಸರುಗಳು ಸಾಮಾನ್ಯವಾಗಿ ಬೆರಳೆಣಿಕೆಯಷ್ಟೇ. ಆ ಒಂದೊಂದು ಹೆಸರೂ ಹೊಸ ಸರ್ವರ್‌ನ /ಯುಎಸ್ಆರ್/ಲಿಬ್/ಕಪ್ಸ್/ಫಿಲ್ಟರ್ ಫೋಲ್ಡರಿನಲ್ಲಿ ಇದೆಯೇ ನೋಡಿ. ಗುಟೆನ್‌ಪ್ರಿಂಟ್ ಎಂಬ ಡ್ರೈವರ್ ಸಂಗ್ರಹದ ಫಿಲ್ಟರಿನ ಹೆಸರಿನಲ್ಲೇ ಆವೃತ್ತಿ ಸಂಖ್ಯೆ ಇರುವುದರಿಂದ ಹೊಸ ಸರ್ವರ್‌ನಲ್ಲಿ 5.3 ಇದ್ದು ಪಿಪಿಡಿ 5.2 ಕೇಳಿದರೆ ಕೆಲಸ ನಿಲ್ಲುತ್ತದೆ. ಕಪ್ಸ್-ಜೆನ್‌ಪಿಪಿಡಿಅಪ್‌ಡೇಟ್ ಓಡಿಸಿ ಪಿಪಿಡಿಗಳನ್ನು ಹೊಸತು ಮಾಡಬೇಕು. ತಯಾರಕರು ಕೊಟ್ಟ ಹಳೆಯ 32 ಬಿಟ್ ಬೈನರಿ ಫಿಲ್ಟರ್‌ಗಳು ಇನ್ನೂ ತಲೆನೋವು. ಹೊಸ ಯಂತ್ರದಲ್ಲಿ 32 ಬಿಟ್ ಲೈಬ್ರರಿಗಳಿಲ್ಲದಿದ್ದರೆ, ಅಥವಾ ಪ್ರೊಸೆಸರೇ ಬೇರೆ ಜಾತಿಯದಾದರೆ, ಅವು ಓಡುವುದೇ ಇಲ್ಲ. ಬಳಕೆದಾರನಿಗೆ ಕಾಣುವುದು "ಫಿಲ್ಟರ್ ಫೇಲ್ಡ್" ಎಂಬ ಎರಡು ಪದ ಮಾತ್ರ.

ಮೂರನೆಯದು, ಯಾವ ಕ್ಯೂ ಇನ್ನೂ ಜೀವಂತವಾಗಿದೆ ಎಂಬುದು. ಪ್ರಿಂಟರ್ಸ್.ಕಾನ್ಫ್‌ನಲ್ಲಿ ಸ್ಟೇಟ್‌ಟೈಮ್ ಎಂಬ ಸಾಲಿನ ಮುಂದಿರುವ ಉದ್ದನೆಯ ಅಂಕಿ 1970ರಿಂದ ಎಣಿಸಿದ ಸೆಕೆಂಡುಗಳು. ಆ ಕ್ಯೂವಿನ ಸ್ಥಿತಿ ಕೊನೆಯದಾಗಿ ಯಾವಾಗ ಬದಲಾಯಿತು ಎಂಬುದರ ಸುಳಿವು. ಎರಡು ವರ್ಷದಿಂದ ಅಲುಗದ ಕ್ಯೂ ಬಗ್ಗೆ ಸಂಬಂಧಪಟ್ಟ ವಿಭಾಗವನ್ನು ಕೇಳಿ. ಪೇಜ್ ಲಾಗ್ ಇದ್ದರೆ ಅದನ್ನೂ ನೋಡಿ. ವರ್ಷದ ಕೊನೆಗೆ ಮಾತ್ರ ಓಡುವ ಚೆಕ್ ಪ್ರಿಂಟರ್‌ನಂಥವು ಈ ಜರಡಿಯಲ್ಲಿ ತಪ್ಪಾಗಿ ಉದುರಿಹೋಗದಂತೆ ಎಚ್ಚರವಿರಲಿ.

ದಾರಿ ಒಂದು: ಫೈಲುಗಳನ್ನೇ ನಕಲು ಮಾಡುವುದು

ಎರಡೂ ಕಡೆ ಕಪ್ಸ್ ಇದ್ದು, ಆವೃತ್ತಿ ಹತ್ತಿರ ಹತ್ತಿರ ಇದ್ದು, ಫಿಲ್ಟರ್‌ಗಳೆಲ್ಲ ಹೊಸದರಲ್ಲೂ ಇದ್ದರೆ ಇದಕ್ಕಿಂತ ವೇಗದ ದಾರಿ ಇಲ್ಲ. ಒಯ್ಯಬೇಕಾದದ್ದು ನಾಲ್ಕೇ: ಪ್ರಿಂಟರ್ಸ್.ಕಾನ್ಫ್, ಕ್ಲಾಸ್‌ಗಳಿದ್ದರೆ (ಒಂದೇ ಹೆಸರಿನಡಿ ಸೇರಿಸಿದ ಪ್ರಿಂಟರ್‌ಗಳ ಗುಂಪು) ಕ್ಲಾಸಸ್.ಕಾನ್ಫ್, ಪಿಪಿಡಿ ಫೋಲ್ಡರ್, ಡಿಫಾಲ್ಟ್ ಆಯ್ಕೆಗಳಿರುವ ಎಲ್‌ಪಿಆಪ್ಷನ್ಸ್ ಫೈಲ್. ಕಪ್ಸ್‌ಡಿ.ಕಾನ್ಫ್ ಒಯ್ಯಬೇಡಿ. ಹೊಸ ಆವೃತ್ತಿಯೊಂದಿಗೆ ಬಂದದ್ದನ್ನೇ ಇಟ್ಟುಕೊಂಡು, ಹಳೆಯದರಲ್ಲಿ ನೀವು ಬದಲಿಸಿದ್ದ ಸಾಲುಗಳನ್ನಷ್ಟೇ ಕೈಯಾರೆ ಸೇರಿಸಿ.

ಈ ದಾರಿಯಲ್ಲಿ ಹೆಚ್ಚಿನವರು ಎಡವುವುದು ಸೇವೆ ನಿಲ್ಲಿಸುವ ಹಂತದಲ್ಲೇ. ಕಪ್ಸ್‌ನ ಹಿನ್ನೆಲೆ ಪ್ರೋಗ್ರಾಂ ಆದ ಕಪ್ಸ್‌ಡಿ ತನ್ನ ಸ್ಥಿತಿಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು ಆಗಾಗ ಪ್ರಿಂಟರ್ಸ್.ಕಾನ್ಫ್‌ಗೆ ಬರೆಯುತ್ತದೆ. ಅದು ಓಡುತ್ತಿರುವಾಗ ನೀವು ತಂದಿಟ್ಟ ಫೈಲಿನ ಮೇಲೆ ತನ್ನ ಖಾಲಿ ಪಟ್ಟಿಯನ್ನು ಬರೆದುಬಿಡಬಹುದು. ಆ ಫೈಲಿನ ತಲೆಯಲ್ಲೇ ಓಡುವಾಗ ತಿದ್ದಬೇಡಿ ಎಂಬ ಎಚ್ಚರಿಕೆ ಇರುತ್ತದೆ. ಸಿಸ್ಟಮ್‌ಡಿ ಇರುವ ಯಂತ್ರದಲ್ಲಿ ಕಪ್ಸ್ ಸರ್ವಿಸ್ ಒಂದನ್ನೇ ನಿಲ್ಲಿಸಿದರೂ ಸಾಲದು. ಕಪ್ಸ್.ಸಾಕೆಟ್, ಕಪ್ಸ್.ಪಾತ್ ಎಂಬ ಇನ್ನೆರಡು ಘಟಕಗಳು ಕಾಯುತ್ತಿರುತ್ತವೆ. ಯಾರೋ ಒಬ್ಬರು ಕ್ಯೂ ಸ್ಥಿತಿ ತೋರಿಸುವ ಎಲ್‌ಪಿಸ್ಟ್ಯಾಟ್ ಕಮಾಂಡ್ ಕೊಟ್ಟರೂ ಸಾಕು, ಸೇವೆ ಮತ್ತೆ ಎದ್ದು ಕೂರುತ್ತದೆ. ಮೂರನ್ನೂ ನಿಲ್ಲಿಸಿ, ಪಿಎಸ್ ಕೊಟ್ಟು ಕಪ್ಸ್‌ಡಿ ಇಲ್ಲವೆಂದು ಕಣ್ಣಾರೆ ನೋಡಿ, ಆಮೇಲೆ ಫೈಲ್ ಇಡಿ.

ಟಾರ್ ಬಳಸುವಾಗ ಅನುಮತಿಗಳು ಉಳಿಯುವಂತೆ -ಪಿ ಕೊಡಿ. ಪ್ರಿಂಟರ್ಸ್.ಕಾನ್ಫ್ ರೂಟ್‌ನ ಒಡೆತನದಲ್ಲಿ, ಎಲ್‌ಪಿ ಗುಂಪಿನಲ್ಲಿ, 600 ಅನುಮತಿಯಲ್ಲಿ ಇರಬೇಕು. ಆದರೆ ಎಲ್‌ಪಿ ಗುಂಪಿನ ಸಂಖ್ಯೆ ಎರಡು ಡಿಸ್ಟ್ರೋಗಳಲ್ಲಿ ಒಂದೇ ಆಗಿರಬೇಕೆಂದಿಲ್ಲ, ಹಾಗಾಗಿ ಬಿಚ್ಚಿದ ಮೇಲೆ ಇನ್ನೊಮ್ಮೆ ನೋಡಿ. ಎಸ್ಇಲಿನಕ್ಸ್ ಎಂಬ ಭದ್ರತಾ ಪದರ ಜಾರಿಯಲ್ಲಿದ್ದರೆ ರಿಸ್ಟೋರ್‌ಕಾನ್ -ಆರ್‌ವಿ (ಆರ್ ದೊಡ್ಡದು) ಎಂದು /ಇಟಿಸಿ/ಕಪ್ಸ್ ಮೇಲೆ ಓಡಿಸಬೇಕು. ಮರೆತರೆ ಎಲ್‌ಎಸ್‌ನಲ್ಲಿ ಎಲ್ಲ ಸರಿಯಾಗಿ ಕಂಡರೂ ಕಪ್ಸ್‌ಡಿಗೆ ಪಿಪಿಡಿ ಓದಲಾಗುವುದಿಲ್ಲ.

ನಕಲಿನ ಜೊತೆ ಬೇಡದ್ದೂ ಬರುತ್ತದೆ. ಹಳೆಯ ಸರ್ವರ್‌ನಲ್ಲಿ ಆ ಗಳಿಗೆಯಲ್ಲಿ ನಿಂತಿದ್ದ ಕ್ಯೂ ಹೊಸದರಲ್ಲೂ ನಿಂತೇ ಇರುತ್ತದೆ, ಏಕೆಂದರೆ "ಸ್ಟೇಟ್ ಸ್ಟಾಪ್ಡ್" ಎಂಬುದೂ ಆ ಫೈಲಿನಲ್ಲೇ ಬರೆದಿರುತ್ತದೆ. ಕ್ಯೂವಿನ ಅನನ್ಯ ಗುರುತಿನ ಸಂಖ್ಯೆಯಾದ ಯುಯುಐಡಿ ಕೂಡ ಹಾಗೆಯೇ ಬರುತ್ತದೆ. ಎರಡೂ ಸರ್ವರ್ ಒಂದೇ ಜಾಲದಲ್ಲಿ ಕ್ಯೂಗಳನ್ನು ಹಂಚುತ್ತಾ ಕೆಲ ದಿನ ಒಟ್ಟಿಗೆ ಓಡುವುದಿದ್ದರೆ ಒಂದೇ ಗುರುತಿನ ಎರಡು ಕ್ಯೂ ಇರುವುದು ಒಳ್ಳೆಯದಲ್ಲ.

ದಾರಿ ಎರಡು: ಎಲ್‌ಪಿಅಡ್ಮಿನ್ ಸ್ಕ್ರಿಪ್ಟ್

ಐವತ್ತಕ್ಕಿಂತ ಹೆಚ್ಚು ಕ್ಯೂಗಳಿದ್ದು, ಆವೃತ್ತಿಗಳು ದೂರ ಇದ್ದರೆ ನಮ್ಮ ಶಿಫಾರಸು ಇದು. ಹಳೆಯ ಸರ್ವರ್‌ನಿಂದ ಒಂದು ಪಟ್ಟಿ ತಯಾರಿಸಿ, ಆ ಪಟ್ಟಿಯ ಸಾಲಿಗೊಂದರಂತೆ ಕ್ಯೂ ಸೃಷ್ಟಿಸುವ ಎಲ್‌ಪಿಅಡ್ಮಿನ್ ಕಮಾಂಡ್ ಓಡಿಸುವುದು. ಮೊದಲ ಸಲ ಅರ್ಧ ದಿನ ಹೆಚ್ಚು ಹಿಡಿದೀತು. ಲಾಭ ಎಂದರೆ, ಇರುವ ಕ್ಯೂವಿನ ಮೇಲೆ ಎಲ್‌ಪಿಅಡ್ಮಿನ್ ಮತ್ತೆ ಓಡಿಸಿದರೆ ಅದು ಕ್ಯೂವನ್ನು ತಿದ್ದುತ್ತದೆಯೇ ಹೊರತು ಇನ್ನೊಂದನ್ನು ಸೃಷ್ಟಿಸುವುದಿಲ್ಲ. ಪರೀಕ್ಷೆಯ ಯಂತ್ರದಲ್ಲಿ ಎಷ್ಟು ಸಲ ಬೇಕಾದರೂ ಓಡಿಸಬಹುದು, ಬದಲಾವಣೆಯ ರಾತ್ರಿ ತಾಜಾ ಪಟ್ಟಿಯೊಂದಿಗೆ ಅದನ್ನೇ ಮತ್ತೆ ಓಡಿಸಬಹುದು.

ಪಟ್ಟಿಯ ಮೂಲ ಯಾವುದು? ಎಲ್‌ಪಿಸ್ಟ್ಯಾಟ್ -ವಿ ಸುಲಭ: ಸಾಲಿಗೊಂದು ಕ್ಯೂ ಹೆಸರು, ಅದರ ಮುಂದೆ ವಿಳಾಸ. ಭಾಷೆಯ ಸೆಟ್ಟಿಂಗ್ ಬದಲಾದರೆ ಆ ಸಾಲಿನ ಮಾತೂ ಬದಲಾಗುವುದರಿಂದ ಎಲ್‌ಸಿ_ಆಲ್ ಅನ್ನು ಸಿ ಎಂದು ಇಟ್ಟು ಓಡಿಸಿ. ಆದರೆ ಎಲ್‌ಪಿಸ್ಟ್ಯಾಟ್ ಎಲ್ಲವನ್ನೂ ತೋರಿಸುವುದಿಲ್ಲ. ವಿಂಡೋಸ್ ಹಂಚಿಕೆಯ ಎಸ್‌ಎಂಬಿ ಕ್ಯೂಗಳ ವಿಳಾಸದೊಳಗೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಇದ್ದರೆ ಭದ್ರತೆಗಾಗಿ ಅವನ್ನು ಅಳಿಸಿ ತೋರಿಸುತ್ತದೆ. ಹಾಗೆ ಮಾಡಿದ ಪಟ್ಟಿಯಿಂದ ಹುಟ್ಟಿದ ಕ್ಯೂ ನೋಡಲು ಸರಿಯಾಗಿಯೇ ಇದ್ದು, ಮೊದಲ ಕೆಲಸಕ್ಕೇ ಗುರುತು ಕೇಳಿ ನಿಲ್ಲುತ್ತದೆ. ಆದ್ದರಿಂದ ಪ್ರಿಂಟರ್ಸ್.ಕಾನ್ಫ್ ಅನ್ನೇ ಪಠ್ಯ ಸೋಸುವ ಆಕ್ ಕಮಾಂಡ್‌ನಿಂದ ಓದುವುದು ಮೇಲು. ಪ್ರತಿ ಪ್ರಿಂಟರ್ ಬ್ಲಾಕ್‌ನಿಂದ ಡಿವೈಸ್‌ಯುಆರ್‌ಐ, ಇನ್ಫೋ, ಲೊಕೇಶನ್, ಶೇರ್ಡ್, ಎರರ್‌ಪಾಲಿಸಿ, ಜಾಬ್‌ಶೀಟ್ಸ್, ಜೊತೆಗೆ ಬಳಕೆದಾರರನ್ನು ತಡೆಯುವ ಅಲೌಯೂಸರ್ ಮತ್ತು ಡಿನೈಯೂಸರ್ ಸಾಲುಗಳನ್ನು ತೆಗೆಯಿರಿ. ಕಾಲಂಗಳ ನಡುವೆ ಟ್ಯಾಬ್ ಇರಲಿ. "2ನೇ ಮಹಡಿ, ಲೆಕ್ಕಪತ್ರ" ಎಂಬಂಥ ಸ್ಥಳದ ಹೆಸರಿನೊಳಗೆ ಅಲ್ಪವಿರಾಮ ಬಂದೇ ಬರುತ್ತದೆ. ಈ ಪಟ್ಟಿಯಲ್ಲಿ ಪಾಸ್‌ವರ್ಡ್ ಇರಬಹುದಾದ್ದರಿಂದ ಅದರ ಅನುಮತಿಯನ್ನೂ 600ಕ್ಕೆ ಇಳಿಸಿ.

ಒಂದು ಕ್ಯೂವಿನ ಕಮಾಂಡ್ ಹೀಗಿರುತ್ತದೆ: ಎಲ್‌ಪಿಅಡ್ಮಿನ್, -ಪಿ (ಸಣ್ಣದು) ಕ್ಯೂ ಹೆಸರು, -ಇ (ದೊಡ್ಡದು), -ವಿ ವಿಳಾಸ, -ಪಿ (ದೊಡ್ಡದು) ಪಿಪಿಡಿ ಫೈಲಿನ ದಾರಿ, -ಡಿ (ದೊಡ್ಡದು) ವಿವರಣೆ, -ಎಲ್ (ದೊಡ್ಡದು) ಸ್ಥಳ. ದೊಡ್ಡ -ಇ ಎಲ್ಲಿದೆ ಎಂಬುದು ಬಹಳ ಮುಖ್ಯ. ಕ್ಯೂ ಹೆಸರಿನ ನಂತರ ಬಂದರೆ ಕ್ಯೂವನ್ನು ಚಾಲೂ ಮಾಡಿ ಕೆಲಸ ಸ್ವೀಕರಿಸಲು ಹೇಳುತ್ತದೆ. ಹೆಸರಿಗೆ ಮೊದಲೇ ಬಂದರೆ ಸರ್ವರ್ ಜೊತೆಗಿನ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡು ಎಂದರ್ಥ. ಆಗ ಯಾವ ದೋಷವೂ ಕಾಣುವುದಿಲ್ಲ. ಮುನ್ನೂರು ಕ್ಯೂ ಹುಟ್ಟಿ, ಮುನ್ನೂರೂ ನಿಂತಿರುತ್ತವೆ.

ಡ್ರೈವರ್ ವಿಷಯದಲ್ಲಿ ಸಣ್ಣ -ಎಂ ಕೊಟ್ಟು ಹೊಸ ಸರ್ವರ್‌ನ ಮಾದರಿಯಿಂದ ಪಿಪಿಡಿ ತೆಗೆದುಕೊಳ್ಳಬಹುದು, ಇಲ್ಲವೇ ದೊಡ್ಡ -ಪಿ ಕೊಟ್ಟು ಹಳೆಯ ಪಿಪಿಡಿಯನ್ನೇ ಕೊಡಬಹುದು. ಫಿಲ್ಟರ್ ಹೊಂದುವುದಾದರೆ ಎರಡನೆಯದೇ ಸರಿ. ಕಾರಣ ಇದು: ಹಿಂದೆ ಯಾರೋ ಎ4, ಎರಡೂ ಬದಿ, ಎರಡನೇ ಟ್ರೇ ಎಂದು ಕ್ಯೂಗೆ ಹೇಳಿದಾಗ ಕಪ್ಸ್ ಅದನ್ನು ಆ ಕ್ಯೂವಿನ ಪಿಪಿಡಿಯೊಳಗಿನ ಡಿಫಾಲ್ಟ್ ಸಾಲುಗಳಲ್ಲೇ ಬರೆದಿಟ್ಟಿರುತ್ತದೆ. ಹೆಚ್ಚುವರಿ ಟ್ರೇ ಜೋಡಿಸಿದೆ ಎಂಬ ಮಾಹಿತಿಯೂ ಅಲ್ಲೇ. ಹೊಸ ಮಾದರಿಯಿಂದ ಶುರು ಮಾಡಿದರೆ ಇದೆಲ್ಲ ಹೋಗಿ, ಕಾಗದದ ಅಳತೆ ಲೆಟರ್‌ಗೆ ಮರಳಿದರೂ ಆಶ್ಚರ್ಯವಿಲ್ಲ. ಎ4 ತುಂಬಿದ ಪ್ರಿಂಟರ್ ಆಗ ಲೆಟರ್ ಕಾಗದ ಹಾಕಿ ಎಂದು ಕೇಳುತ್ತಾ ಕಾಯುತ್ತದೆ.

ಕ್ಲಾಸ್‌ಗಳನ್ನು ಪ್ರಿಂಟರ್‌ಗಳೆಲ್ಲ ಆದ ಮೇಲೆ -ಸಿ ಕೊಟ್ಟು ಕಟ್ಟಿ. ಸ್ಕ್ರಿಪ್ಟ್ ಒಂದು ಸೋಲಿಗೆ ನಿಂತುಬಿಡದೆ, ಸೋತ ಕ್ಯೂಗಳ ಹೆಸರನ್ನು ಬೇರೆ ಫೈಲಿಗೆ ಬರೆದು ಮುಂದೆ ಹೋಗಲಿ. ಎಲ್ಲ ಮುಗಿದ ಮೇಲೆ ಎರಡೂ ಸರ್ವರ್‌ನಲ್ಲಿ ಪ್ರತಿ ಕ್ಯೂಗೂ ಎಲ್‌ಪಿಆಪ್ಷನ್ಸ್ -ಪಿ ಹೆಸರು -ಎಲ್ (ಸಣ್ಣದು) ಓಡಿಸಿ, ಫಲಿತಾಂಶಗಳನ್ನು ಡಿಫ್ ಮಾಡಿ. ನಕ್ಷತ್ರ ಗುರುತು ಇರುವುದು ಈಗಿನ ಆಯ್ಕೆ. ಅದು ಎಲ್ಲಿ ಸರಿದಿದೆಯೋ ಅಲ್ಲಿ ಮಾತ್ರ ಕೈ ಹಾಕಿದರೆ ಸಾಕು. ಬಳಕೆದಾರರು ತಮ್ಮದೇ ಮನೆ ಫೋಲ್ಡರಿನ .ಕಪ್ಸ್ ಒಳಗೆ ಇಟ್ಟುಕೊಂಡ ಎಲ್‌ಪಿಆಪ್ಷನ್ಸ್ ಫೈಲನ್ನು ಈ ಸ್ಕ್ರಿಪ್ಟ್ ಮುಟ್ಟುವುದಿಲ್ಲ. ಅಪ್ಲಿಕೇಶನ್ ಓಡುವ ಖಾತೆಗಳದ್ದನ್ನಾದರೂ ಹುಡುಕಿ ಒಯ್ಯಿರಿ.

ನಿಮ್ಮಲ್ಲಿ ಸರ್ವರ್‌ಗಳ ಸೆಟ್ಟಿಂಗನ್ನು ತಾನಾಗಿ ಮಾಡುವ ಆನ್ಸಿಬಲ್ ಬಳಕೆ ಈಗಾಗಲೇ ಇದ್ದರೆ ಇದೇ ಪಟ್ಟಿಯನ್ನು ವೇರಿಯಬಲ್ ಫೈಲಾಗಿ ಇಟ್ಟು ಅದರಿಂದಲೇ ಎಲ್‌ಪಿಅಡ್ಮಿನ್ ಓಡಿಸಿ. ಮುಂದಿನ ಸೇರ್ಪಡೆಗಳೂ ಗಿಟ್‌ನಲ್ಲಿ ದಾಖಲಾಗುತ್ತವೆ. ಈ ಒಂದು ಕೆಲಸಕ್ಕಾಗಿಯೇ ಆನ್ಸಿಬಲ್ ಕಲಿಯುವ ಅಗತ್ಯವಿಲ್ಲ.

ದಾರಿ ಮೂರು: ಡ್ರೈವರ್ ಇಲ್ಲದೆ ಹೊಸದಾಗಿ

ಎಲ್‌ಪಿಅಡ್ಮಿನ್‌ಗೆ -ಎಂ ಎವ್ರಿವೇರ್ ಎಂದು ಕೊಟ್ಟು, ವಿಳಾಸವನ್ನು ಐಪಿಪಿ (ಜಾಲದ ಮೂಲಕ ಮುದ್ರಿಸುವ ನಿಯಮಾವಳಿ) ರೂಪದಲ್ಲಿ ಬರೆದರೆ ಕಪ್ಸ್ ನೇರವಾಗಿ ಪ್ರಿಂಟರನ್ನೇ ಕೇಳಿ ಅದರ ಟ್ರೇ, ಬಣ್ಣ, ಕಾಗದದ ವಿವರ ಪಡೆಯುತ್ತದೆ. ಇದು ಕಪ್ಸ್ ಹೋಗುತ್ತಿರುವ ದಿಕ್ಕು. ಈಗಿನ ಆವೃತ್ತಿಗಳಲ್ಲಿ ಪಿಪಿಡಿ ಕೊಟ್ಟು ಕ್ಯೂ ಮಾಡಿದರೂ, ಕಚ್ಚಾ ಅಂದರೆ ಫಿಲ್ಟರ್ ಇಲ್ಲದ ರಾ ಕ್ಯೂ ಮಾಡಿದರೂ, ಮುಂದೆ ಇವು ನಿಲ್ಲುತ್ತವೆ ಎಂಬ ಎಚ್ಚರಿಕೆಯ ಸಾಲು ಬರುತ್ತದೆ. ಎಚ್ಚರಿಕೆ ಬಂದರೂ ಕ್ಯೂ ಕೆಲಸ ಮಾಡುತ್ತದೆ, ಗಾಬರಿ ಬೇಡ.

ಕಚೇರಿಯ ಈಚಿನ ಲೇಸರ್ ಪ್ರಿಂಟರ್‌ಗಳಿಗೆ ಈ ದಾರಿ ಚೆನ್ನ. ಎರಡು ಮಿತಿಗಳಿವೆ. ಕ್ಯೂ ಮಾಡುವ ಹೊತ್ತಿಗೆ ಪ್ರಿಂಟರ್ ಚಾಲೂ ಇದ್ದು ಉತ್ತರ ಕೊಡಬೇಕು. ಶನಿವಾರ ರಾತ್ರಿ ಎಲ್ಲವನ್ನೂ ಆರಿಸಿ ಹೋದ ಕಟ್ಟಡದಲ್ಲಿ ಸ್ಕ್ರಿಪ್ಟ್ ಸಾಲುಸಾಲಾಗಿ ಸೋಲುತ್ತದೆ. ಮತ್ತೆ, ಆಯ್ಕೆಗಳ ಹೆಸರುಗಳು ಹಳೆಯ ಪಿಪಿಡಿಯದಕ್ಕಿಂತ ಬೇರೆ ಆಗಬಹುದು. ಅಪ್ಲಿಕೇಶನ್ "ಎಲ್‌ಪಿ -ಓ ಇನ್‌ಪುಟ್‌ಸ್ಲಾಟ್ = ಟ್ರೇ3" ಎಂದು ಕಳಿಸುತ್ತಿದ್ದರೆ, ಹೊಸ ಕ್ಯೂಗೆ ಆ ಹೆಸರು ಗೊತ್ತಿಲ್ಲದಿದ್ದಾಗ ಅದನ್ನು ಸದ್ದಿಲ್ಲದೆ ಬದಿಗಿಟ್ಟು ಮೊದಲ ಟ್ರೇಯಿಂದ ಮುದ್ರಿಸುತ್ತದೆ. ಲೆಟರ್‌ಹೆಡ್ ಕಾಗದಕ್ಕೆ ಪ್ರತ್ಯೇಕ ಟ್ರೇ ಇರುವ ಕಡೆ ಇದನ್ನು ಮೊದಲೇ ಪರೀಕ್ಷಿಸಿ.

ಲೇಬಲ್ ಪ್ರಿಂಟರ್‌ಗಳಿಗೆ ಈ ದಾರಿ ಬೇಡ. ಝೆಬ್ರಾದಂಥ ಯಂತ್ರಕ್ಕೆ ಅಪ್ಲಿಕೇಶನ್ನೇ ಅದರ ಭಾಷೆಯಾದ ಝಡ್‌ಪಿಎಲ್‌ನಲ್ಲಿ ಬರೆದು ಕಳಿಸುತ್ತದೆ. ಅದು ಯಾವ ಫಿಲ್ಟರಿಗೂ ಸಿಗದೆ ನೇರ ಹೋಗಬೇಕು. ಅಲ್ಲಿ ಸಾಕೆಟ್ ವಿಳಾಸ, 9100ನೇ ಪೋರ್ಟ್, ರಾ ಕ್ಯೂ.

ಹಳೆಯದು ಕಪ್ಸ್ ಅಲ್ಲದಿದ್ದರೆ

ಎಐಎಕ್ಸ್, ಸೋಲಾರಿಸ್ 10, ಎಚ್‌ಪಿ-ಯುಎಕ್ಸ್‌ನಿಂದ ಲಿನಕ್ಸ್‌ಗೆ ಬರುವವರಿಗೆ ನಕಲಿನ ಮಾತೇ ಇಲ್ಲ, ಸ್ಕ್ರಿಪ್ಟ್ ಒಂದೇ ದಾರಿ. ಬದಲಾಗುವುದು ಪಟ್ಟಿಯ ಮೂಲ ಮಾತ್ರ. ಎಐಎಕ್ಸ್‌ನಲ್ಲಿ ಕ್ಯೂಗಳು /ಇಟಿಸಿ/ಕ್ಯೂಕಾನ್ಫಿಗ್‌ನಲ್ಲಿರುತ್ತವೆ. ಬ್ಯಾಕೆಂಡ್ ಸಾಲಿನಲ್ಲಿ ಪಿಯೋಜೆಟ್‌ಡಿ ಕಂಡರೆ ಅದರ ಮುಂದಿನ ಹೆಸರು, ಪೋರ್ಟ್ ಸೇರಿಸಿ ಸಾಕೆಟ್ ವಿಳಾಸ ಮಾಡಿ. ರೆಂಬ್ಯಾಕ್ ಕಂಡರೆ ಅದು ದೂರದ ಎಲ್‌ಪಿಡಿ (ಹಳೆಯ ಮುದ್ರಣ ನಿಯಮಾವಳಿ) ಕ್ಯೂ. ಸೋಲಾರಿಸ್ 10ರಲ್ಲಿ /ಇಟಿಸಿ/ಎಲ್‌ಪಿ/ಪ್ರಿಂಟರ್ಸ್ ಒಳಗೆ ಕ್ಯೂಗೊಂದು ಫೋಲ್ಡರ್, ಅದರಲ್ಲಿ ಕಾನ್ಫಿಗರೇಶನ್ ಎಂಬ ಫೈಲ್. ನೆಟ್‌ಸ್ಟ್ಯಾಂಡರ್ಡ್ ಮಾದರಿಯಾದರೆ ಡಿವೈಸ್ /ಡೆವ್/ನಲ್ ಎಂದಿದ್ದು, ನಿಜವಾದ ವಿಳಾಸ ಡೆಸ್ಟ್ ಎಂಬ ಆಯ್ಕೆಯಲ್ಲಿ ಅಡಗಿರುತ್ತದೆ. ಎಚ್‌ಪಿ-ಯುಎಕ್ಸ್‌ನಲ್ಲಿ /ಇಟಿಸಿ/ಎಲ್‌ಪಿ/ಇಂಟರ್‌ಫೇಸ್ ಒಳಗಿನ ಶೆಲ್ ಸ್ಕ್ರಿಪ್ಟ್‌ಗಳನ್ನೇ ಓದಬೇಕು.

ಈ ಇಂಟರ್‌ಫೇಸ್ ಸ್ಕ್ರಿಪ್ಟ್‌ಗಳನ್ನು ನಿಧಾನವಾಗಿ ಓದಿ. ಹತ್ತಾರು ವರ್ಷಗಳಲ್ಲಿ ಅವುಗಳಲ್ಲಿ ಎಸ್ಕೇಪ್ ಕೋಡ್, ಸಾಲಿನ ಅಂತರ, 132 ಕಾಲಂನ ಸಣ್ಣ ಅಕ್ಷರ ಎಲ್ಲ ಸೇರಿಕೊಂಡಿರುತ್ತವೆ. ಈಗಿನ ಕಪ್ಸ್ ಇವನ್ನು ಭದ್ರತೆಯ ಕಾರಣಕ್ಕೆ ಓಡಿಸುವುದಿಲ್ಲ. ಆ ಕೆಲಸವನ್ನು ಅಪ್ಲಿಕೇಶನ್‌ಗೆ ಸರಿಸಬೇಕು, ಇಲ್ಲವೇ ಚಿಕ್ಕ ಫಿಲ್ಟರ್ ಬರೆಯಬೇಕು. ಬರೆದ ಫಿಲ್ಟರಿಗೆ ಒಡೆಯ ರೂಟ್, ಅನುಮತಿ 755. ಗುಂಪಿಗೆ ಬರೆಯುವ ಅನುಮತಿ ಇದ್ದರೆ ಕಪ್ಸ್ ಅದನ್ನು ಓಡಿಸಲು ಒಪ್ಪುವುದಿಲ್ಲ.

ಸಾದಾ ಪಠ್ಯ ಮುದ್ರಿಸುವ ಕ್ಯೂಗಳಲ್ಲಿ ಮೆಟ್ಟಿಲು ದೋಷ ಬರುತ್ತದೆ: ಪ್ರತಿ ಸಾಲೂ ಹಿಂದಿನ ಸಾಲು ಮುಗಿದ ಜಾಗದಿಂದ ಶುರುವಾಗಿ, ಅಕ್ಷರಗಳು ಓರೆಯಾಗಿ ಇಳಿದು ಬಲ ಅಂಚಿನಾಚೆ ಹೋಗುತ್ತವೆ. ಯುನಿಕ್ಸ್ ಫೈಲಿನಲ್ಲಿ ಸಾಲಿನ ಕೊನೆಗೆ ಲೈನ್ ಫೀಡ್ ಮಾತ್ರ ಇದ್ದು, ಎಡಕ್ಕೆ ಮರಳಿಸುವ ಕ್ಯಾರೇಜ್ ರಿಟರ್ನ್ ಇಲ್ಲದಿರುವುದು ಕಾರಣ. ಹಳೆಯ ಇಂಟರ್‌ಫೇಸ್ ಸ್ಕ್ರಿಪ್ಟ್ ಅದನ್ನು ಸೇರಿಸುತ್ತಿತ್ತು, ರಾ ಕ್ಯೂ ಸೇರಿಸುವುದಿಲ್ಲ. ಎಚ್‌ಪಿಯ ಜೆಟ್‌ಡೈರೆಕ್ಟ್ ಜಾಲ ಕಾರ್ಡ್ ಇರುವ ಪ್ರಿಂಟರಾದರೆ ಎಲ್‌ಪಿಡಿ ವಿಳಾಸದ ಕೊನೆಗೆ ರಾ ಬದಲು ಟೆಕ್ಸ್ಟ್ ಎಂಬ ಕ್ಯೂ ಹೆಸರು ಕೊಟ್ಟರೆ ಕಾರ್ಡೇ ಆ ಕೆಲಸ ಮಾಡುತ್ತದೆ.

ಕನ್ನಡದಲ್ಲಿ ಬಿಲ್, ನೋಟಿಸ್ ಮುದ್ರಿಸುವ ಕಡೆ ಇನ್ನೊಂದು ತಪಾಸಣೆ ಬೇಕು. ಅಪ್ಲಿಕೇಶನ್ ಫಾಂಟ್ ಒಳಗೊಂಡ ಪಿಡಿಎಫ್ ಕಳಿಸುತ್ತಿದ್ದರೆ ಚಿಂತೆಯಿಲ್ಲ. ಸರ್ವರ್‌ನಲ್ಲೇ ಪುಟ ಕಟ್ಟುವುದಾದರೆ ಎಫ್‌ಸಿ-ಲಿಸ್ಟ್‌ಗೆ ಕೆಎನ್ ಭಾಷೆ ಕೊಟ್ಟು ನೋಡಿ. ಹೊಸ ಸರ್ವರ್‌ನ ಕನಿಷ್ಠ ಸ್ಥಾಪನೆಯಲ್ಲಿ ಕನ್ನಡ ಫಾಂಟ್ ಇರುವುದಿಲ್ಲ, ಅಕ್ಷರದ ಜಾಗದಲ್ಲಿ ಚೌಕ ಬರುತ್ತದೆ.

ಕಾಗದ ಖರ್ಚಿಲ್ಲದೆ ಪರೀಕ್ಷೆ

ಮುನ್ನೂರು ಪ್ರಿಂಟರ್‌ಗೂ ಪರೀಕ್ಷಾ ಪುಟ ಕಳಿಸುವುದು ಬೇಡ. ಪ್ರತಿ ವಿಳಾಸಕ್ಕೂ ಹೊಸ ಸರ್ವರ್‌ನಿಂದ ಎನ್‌ಸಿ -ಝಡ್ -ಡಬ್ಲ್ಯೂ 2 ಕೊಟ್ಟು 9100, 515 ಅಥವಾ 631 ತೆರೆದಿದೆಯೇ ನೋಡಿ. ಹೊಸ ಸರ್ವರ್ ಬೇರೆ ಸಬ್‌ನೆಟ್‌ನಲ್ಲಿದ್ದರೆ ಫೈರ್‌ವಾಲ್ ತಡೆಯುವುದು ಸಾಮಾನ್ಯ. ಇನ್ನು ಕೆಲವು ಪ್ರಿಂಟರ್‌ಗಳೊಳಗೆ ಅನುಮತಿ ಪಟ್ಟಿ ಇದ್ದು, ಹಳೆಯ ಸರ್ವರ್‌ನ ಐಪಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಪ್ರಿಂಟರಿನ ಸ್ಥಿತಿ ವಿಚಾರಿಸುವ ಎಸ್‌ಎನ್‌ಎಂಪಿಯ ಯುಡಿಪಿ 161 ಮುಚ್ಚಿದ್ದರೆ, ಇಂಕಿನ ಮಟ್ಟ ಕೇಳುತ್ತಾ ಕ್ಯೂ ನಿಧಾನವಾಗಬಹುದು. ಆ ಕ್ಯೂಗೆ ಕಪ್ಸ್‌ಎಸ್‌ಎನ್‌ಎಂಪಿಸಪ್ಲೈಸ್ ಆಯ್ಕೆಯನ್ನು ಫಾಲ್ಸ್ ಮಾಡಿ.

ಫಿಲ್ಟರ್ ಸರಿಯಿದೆಯೇ ತಿಳಿಯಲು ಪಿಪಿಡಿ ಬಗೆಗೊಂದರಂತೆ ತಾತ್ಕಾಲಿಕ ಕ್ಯೂ ಮಾಡಿ, ವಿಳಾಸವನ್ನು ಅದೇ ಯಂತ್ರದ 9100ಕ್ಕೆ ಕೊಡಿ. ಇನ್ನೊಂದು ಟರ್ಮಿನಲ್‌ನಲ್ಲಿ ಎನ್‌ಸಿ -ಎಲ್ (ಸಣ್ಣದು) 9100 ಓಡಿಸಿ, ಬಂದದ್ದನ್ನು ಫೈಲಿಗೆ ಹರಿಸಿ. ಫೈಲಿನ ತಲೆಯಲ್ಲಿ ಪಿಜೆಎಲ್ (ಪ್ರಿಂಟರಿಗೆ ಸೂಚನೆ ಕೊಡುವ ಭಾಷೆ) ಸಾಲುಗಳು, ಅವುಗಳಲ್ಲಿ ಟ್ರೇ ಮತ್ತು ಡ್ಯುಪ್ಲೆಕ್ಸ್ ಇದ್ದರೆ ಅರ್ಧ ಯುದ್ಧ ಗೆದ್ದಂತೆ. ಫೈಲ್ ಖಾಲಿ ಇದ್ದರೆ ಕಪ್ಸ್‌ಸಿಟಿಎಲ್ --ಡೀಬಗ್-ಲಾಗಿಂಗ್ ಹಾಕಿ ಲಾಗ್ ಓದಿ. ಕೆಲ ಡಿಸ್ಟ್ರೋಗಳಲ್ಲಿ ಎರರ್_ಲಾಗ್ ಫೈಲೇ ಇರುವುದಿಲ್ಲ, ಜರ್ನಲ್‌ಸಿಟಿಎಲ್ -ಯು ಕಪ್ಸ್ ನೋಡಬೇಕು.

ಬದಲಾವಣೆಯ ರಾತ್ರಿ

ಬಳಕೆದಾರರು ಸರ್ವರನ್ನು ಡಿಎನ್‌ಎಸ್ ಅಡ್ಡಹೆಸರಿನಿಂದ ಕರೆಯುತ್ತಿದ್ದರೆ ಅದೃಷ್ಟ. ಒಂದು ದಿನ ಮೊದಲೇ ಆ ದಾಖಲೆಯ ಟಿಟಿಎಲ್ (ಇತರ ಯಂತ್ರಗಳು ಅದನ್ನು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿ. ಹೊಸ ಕಪ್ಸ್‌ಡಿ.ಕಾನ್ಫ್‌ನಲ್ಲಿ ಆ ಹೆಸರನ್ನು ಸರ್ವರ್‌ಏಲಿಯಾಸ್ ಸಾಲಿನಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಹೆಸರು ಸರಿಯಾಗಿ ತಲುಪಿದರೂ ಕಪ್ಸ್ "ಬ್ಯಾಡ್ ರಿಕ್ವೆಸ್ಟ್" ಎನ್ನುತ್ತದೆ. ಹಳೆಯ ಸರ್ವರ್‌ನಲ್ಲಿ ಎಲ್ಲ ಕ್ಯೂಗಳಿಗೂ ಹೊಸ ಕೆಲಸ ತಡೆಯುವ ಕಪ್ಸ್‌ರಿಜೆಕ್ಟ್ ಕೊಟ್ಟು, ಎಲ್‌ಪಿಸ್ಟ್ಯಾಟ್ -ಓ ಖಾಲಿಯಾಗುವವರೆಗೆ ಕಾಯಿರಿ. /ವಾರ್/ಸ್ಪೂಲ್/ಕಪ್ಸ್‌ನ ಬಾಕಿ ಕೆಲಸಗಳನ್ನು ಒಯ್ಯಲು ಹೋಗಬೇಡಿ. ಕೆಲಸದ ಸಂಖ್ಯೆ ಹೊಸದರಲ್ಲಿ 1ರಿಂದ ಶುರುವಾಗುತ್ತದೆ. ಅಪ್ಲಿಕೇಶನ್ ಆ ಸಂಖ್ಯೆಯನ್ನು ಎಲ್ಲಾದರೂ ದಾಖಲಿಸುತ್ತಿದ್ದರೆ ಅವರಿಗೆ ತಿಳಿಸಿಡಿ.

ಕಪ್ಸ್-ಬ್ರೌಸ್ಡ್ ಸೇವೆಯನ್ನು ಹೊಸ ಸರ್ವರ್‌ನಲ್ಲಿ ನಿಲ್ಲಿಸಿಡಿ. ಕ್ಯೂಗಳನ್ನು ನೀವೇ ಪಟ್ಟಿಯಿಂದ ಕಟ್ಟುತ್ತಿರುವಾಗ ಅದು ಜಾಲದಿಂದ ಹೆಕ್ಕಿ ತರುವ ಕ್ಯೂಗಳು ಬೇಕಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಯಲಾದ ಭದ್ರತಾ ದೋಷಗಳಲ್ಲಿ ಒಂದು, ಅದು ಯುಡಿಪಿ 631ರಲ್ಲಿ ಯಾರ ಮಾತನ್ನಾದರೂ ಕೇಳುವುದೇ ಆಗಿತ್ತು.

ಬೆಳಿಗ್ಗೆ ಮೊದಲ ಗಂಟೆ ಎಲ್‌ಪಿಸ್ಟ್ಯಾಟ್ -ಪಿ ಫಲಿತಾಂಶದಲ್ಲಿ ಡಿಸೇಬಲ್ಡ್ ಎಂಬುದನ್ನು ಹುಡುಕುತ್ತಿರಿ. ಎರರ್‌ಪಾಲಿಸಿ ಸ್ಟಾಪ್-ಪ್ರಿಂಟರ್ ಆಗಿದ್ದ ಕ್ಯೂ, ಪ್ರಿಂಟರಿಗೆ ಕಳಿಸುವುದು ಸೋತರೆ ನಿಂತು, ಯಾರಾದರೂ ಕಪ್ಸ್‌ಎನೇಬಲ್ ಕೊಡುವವರೆಗೆ ಏಳುವುದಿಲ್ಲ. ರಾತ್ರಿ ಆರಿಸಿಡುವ ಪ್ರಿಂಟರ್‌ಗಳಿಗೆ ಅದನ್ನು ರಿಟ್ರೈ-ಜಾಬ್ ಮಾಡಿ. ಹಳೆಯ ಸರ್ವರನ್ನು ಕ್ಯೂಗಳು ರಿಜೆಕ್ಟ್ ಆಗಿರುವ ಸ್ಥಿತಿಯಲ್ಲೇ ಒಂದು ತಿಂಗಳ ಲೆಕ್ಕ ಮುಗಿಯುವವರೆಗೆ ಚಾಲೂ ಇಟ್ಟು, ಅದರ ಆಕ್ಸೆಸ್ ಲಾಗ್ ನೋಡುತ್ತಿರಿ. ಇನ್ನೂ ಹಳೆಯ ಐಪಿಯನ್ನೇ ಹಿಡಿದುಕೊಂಡಿರುವ ಪಿಸಿ, ಸ್ಕ್ರಿಪ್ಟ್ ಯಾವುದು ಎಂಬುದು ಅಲ್ಲಿ ಸಿಗುತ್ತದೆ.